ತುದಿ ಮುಟ್ಟಿದವರು, ಹೊರೆ ಹೊತ್ತವರು



ಪರ್ವತಾರೋಹಣದ ಸಾಧನೆಗಳನ್ನು ಸ್ಮರಿಸುವ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ.  ಇಂಥ ಸಂದರ್ಭಕ್ಕೆ ಒಂದು ಸಿದ್ಧ ದಾರಿಯಿದೆ. ಶಿಖರದ ಹೆಸರು, ಏರಿದವರ ಹೆಸರು, ಏರಿದ ತಾರೀಖು, ಇವನ್ನು ಸಾಲಾಗಿ ಹೇಳಿ, ಕೊನೆಗೆ ಯುವಜನರಿಗೆ ನಾಲ್ಕು ಹಿತವಚನ ಸೇರಿಸಿದರೆ ಉಪನ್ಯಾಸ ಮುಗಿದಂತೆ. ನಾನು ಸ್ವಲ್ಪ ಬಳಸುದಾರಿ ಹಿಡಿಯುತ್ತೇನೆ. ಒಂದು ಆರೋಹಣವನ್ನು ಸ್ಮರಿಸುವಾಗ ನಾವು ಯಾರನ್ನು ನೆನೆಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದು ಇಂದಿನ ನನ್ನ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ಆಮೇಲೆ. ತುದಿಯ ಮೇಲೆ ಮನುಷ್ಯ ನಿಲ್ಲುವುದು ಕೆಲವೇ ನಿಮಿಷ. ಆ ನಿಮಿಷಗಳು ಕೈಗೂಡುವುದು ಹೊರೆ ಹೊತ್ತವರಿಂದ, ಸಮಯಕ್ಕೆ ಸರಿಯಾಗಿ ಹಿಂದಿರುಗಿದವರಿಂದ. ಅವು ಉಳಿಯುವುದು ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟವರಿಂದ. ಪರ್ವತಾರೋಹಣದ ಪರಂಪರೆ ಎಂದು ನಾವು ಕರೆಯುವುದರ ಬಹುಪಾಲು ಇವರ ಬಳಿ ಇದೆ. ನಮ್ಮ ಸ್ಮರಣೆಯಲ್ಲಿ ಇವರಿಗೆ ಸಿಕ್ಕಿರುವ ಜಾಗ ಮಾತ್ರ ಬಹಳ ಚಿಕ್ಕದು.

1953ರ ಮೇ ತಿಂಗಳ ನಾಲ್ಕು ದಿನ

1953ರ ಮೇ 29ರಂದು ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಏರಿದರು. ಶಾಲೆಯ ರಸಪ್ರಶ್ನೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಇದು. ಇದರ ಹಿಂದಿನ ಮೂರು ದಿನಗಳ ಬಗ್ಗೆ ಯಾವ ರಸಪ್ರಶ್ನೆಯೂ ಕೇಳುವುದಿಲ್ಲ.

ಜಾನ್ ಹಂಟ್ ನೇತೃತ್ವದ ಆ ತಂಡ ಕಠ್ಮಂಡುವಿನಿಂದ ಹೊರಟಾಗ ಜೊತೆಗಿದ್ದ ಪೋರ್ಟರುಗಳೇ 362 ಮಂದಿ. ಸಾಮಾನು ಸುಮಾರು ನಾಲ್ಕೂವರೆ ಟನ್. ನೇಪಾಳದ ಪೋರ್ಟರು ಹೊರೆ ಹೊರುವ ಬಗೆಯನ್ನು ನೀವು ನೋಡಿರಬಹುದು. ಡೋಕೊ ಎಂಬ ಬಿದಿರಿನ ಬುಟ್ಟಿ ಬೆನ್ನ ಮೇಲಿರುತ್ತದೆ, ನಾಮ್ಲೊ ಎಂಬ ಅಗಲ ಪಟ್ಟಿ ಹಣೆಗೆ ಬಿಗಿದಿರುತ್ತದೆ. ಭಾರವೆಲ್ಲ ಹಣೆ, ಕುತ್ತಿಗೆ ಮತ್ತು ಬೆನ್ನೆಲುಬಿನ ಮೇಲೆ. ಕೈಯಲ್ಲಿ ಟೋಕ್ಮಾ ಎಂಬ ಗಿಡ್ಡ ಊರುಗೋಲು. ದಣಿವಾದಾಗ ಹೊರೆಯನ್ನು ಇಳಿಸುವುದಿಲ್ಲ, ಇಳಿಸಿದರೆ ಮತ್ತೆ ಎತ್ತಿಕೊಳ್ಳುವುದು ಕಷ್ಟ. ಕೋಲನ್ನು ಬುಟ್ಟಿಯ ತಳಕ್ಕೆ ಆನಿಸಿ, ನಿಂತಲ್ಲೇ ನಾಲ್ಕು ಉಸಿರು ಎಳೆದುಕೊಂಡು ಮುಂದೆ ನಡೆಯುತ್ತಾರೆ. ಎವರೆಸ್ಟ್ ಏರುವ ಕೆಲಸ ಆರಂಭವಾಗುವುದು ಈ ಹಣೆಪಟ್ಟಿಯಿಂದ.

ಮೇ 26ರಂದು ಮೊದಲ ಪ್ರಯತ್ನಕ್ಕೆ ಹೊರಟವರು ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್. ಮಧ್ಯಾಹ್ನದ ಹೊತ್ತಿಗೆ ಅವರು ದಕ್ಷಿಣ ಶಿಖರ ಮುಟ್ಟಿದ್ದರು. ಅಷ್ಟು ಎತ್ತರಕ್ಕೆ ಅದುವರೆಗೆ ಯಾರೂ ಏರಿ ಮರಳಿದ ದಾಖಲೆ ಇರಲಿಲ್ಲ. ಮುಖ್ಯ ಶಿಖರ ಅಲ್ಲಿಂದ ಸುಮಾರು 100 ಮೀಟರ್ ಮೇಲೆ, ಕಣ್ಣೆದುರೇ ಇತ್ತು. ಆದರೆ ಇವಾನ್ಸರ ಆಮ್ಲಜನಕದ ಸಲಕರಣೆ ಕೈಕೊಡುತ್ತಿತ್ತು, ಹೊತ್ತು ಮೀರಿತ್ತು, ಮುಂದೆ ಹೋದರೆ ಇಳಿಯಲು ಆಮ್ಲಜನಕ ಸಾಲುತ್ತಿರಲಿಲ್ಲ. ಇಬ್ಬರೂ ಹಿಂದಿರುಗಿದರು. ಅದೇ ದಿನ ಹಂಟ್ ಮತ್ತು ದಾ ನಮ್‌ಗ್ಯಾಲ್ ಎಂಬ ಶೆರ್ಪಾ ಕೊನೆಯ ಶಿಬಿರಕ್ಕೆ ಬೇಕಾದ ಸಾಮಾನನ್ನು 27,350 ಅಡಿಯವರೆಗೆ ಹೊತ್ತು ತಂದು, ಇನ್ನು ಹೆಜ್ಜೆ ಏಳದು ಎನಿಸಿದಾಗ ಅಲ್ಲಿಯೇ ಇಟ್ಟು ಇಳಿದರು.

ಮೇ 28ರಂದು ಜಾರ್ಜ್ ಲೋ, ಆಲ್ಫ್ರೆಡ್ ಗ್ರೆಗರಿ ಮತ್ತು ಆಂಗ್ ನಿಮಾ ಇನ್ನಷ್ಟು ಹೊರೆಯೊಂದಿಗೆ ಹಿಲರಿ, ತೇನ್‌ಸಿಂಗರ ಜೊತೆ ಏರಿದರು. ಹಂಟ್ ಬಿಟ್ಟುಹೋಗಿದ್ದ ಸಾಮಾನನ್ನೂ ಎತ್ತಿಕೊಂಡು 27,900 ಅಡಿಗೆ ತಲುಪಿಸಿ ಮೂವರೂ ಇಳಿದುಹೋದರು. ಇಬ್ಬರು ಉಳಿದರು. ರಾತ್ರಿ ಕಳೆದು ನೋಡಿದರೆ ಹಿಲರಿಯ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಸ್ಟೌ ಹಚ್ಚಿ, ಬೂಟುಗಳನ್ನು ಉರಿಯ ಮೇಲೆ ಹಿಡಿದು ಮೆದು ಮಾಡಿಕೊಳ್ಳಲು ಎರಡು ಗಂಟೆ ಹಿಡಿಯಿತು. ಬೆಳಿಗ್ಗೆ ಹನ್ನೊಂದೂವರೆಗೆ ಅವರು ತುದಿಯಲ್ಲಿದ್ದರು. ಅಲ್ಲಿ ನಿಂತದ್ದು ಸುಮಾರು ಹದಿನೈದು ನಿಮಿಷ.

ಇಳಿಯುವಾಗ ನಡೆದದ್ದು ಇನ್ನೂ ಮುಖ್ಯ. ಇವಾನ್ಸ್ ಮತ್ತು ಬೋರ್ಡಿಲನ್ ಅಂದು ದಾರಿಯಲ್ಲಿ ಬಿಟ್ಟಿದ್ದ ಆಮ್ಲಜನಕದ ಸಿಲಿಂಡರುಗಳಲ್ಲಿ ಸ್ವಲ್ಪ ಉಳಿದಿತ್ತು. ಗೆದ್ದವರು ಸೌತ್ ಕೋಲ್ ಶಿಬಿರದವರೆಗೆ ಇಳಿಯುವಾಗ ಆಸರೆಯಾದದ್ದು ಹಿಂದಿರುಗಿದವರು ಬಿಟ್ಟುಹೋದ ಆ ಸಿಲಿಂಡರುಗಳು. ‘ಸೋತವರು’ ಎಂದು ನಾವು ಬದಿಗೆ ಸರಿಸಿದವರ ಪಾಲು ಇಷ್ಟು ನೇರವಾಗಿ ಕಾಣಿಸುವ ಉದಾಹರಣೆ ಬೇರೊಂದು ಸಿಗುವುದು ಕಷ್ಟ.

ಸನ್ಮಾನದ ಹೊತ್ತಿಗೆ ಲೆಕ್ಕ ಬೇರೆಯಾಯಿತು. ಹಿಲರಿ ಮತ್ತು ಹಂಟ್ ಅವರಿಗೆ ನೈಟ್ ಪದವಿ, ತೇನ್‌ಸಿಂಗರಿಗೆ ಜಾರ್ಜ್ ಪದಕ. ದಾ ನಮ್‌ಗ್ಯಾಲ್, ಆಂಗ್ ನಿಮಾ ಎಂಬ ಹೆಸರುಗಳು ಪುಸ್ತಕದ ಒಳಪುಟಗಳಲ್ಲಿ ಉಳಿದವು. ಪತ್ರಿಕೆಗಳು ತಿಂಗಳುಗಟ್ಟಲೆ ಚರ್ಚಿಸಿದ್ದು ಮೊದಲು ಕಾಲಿಟ್ಟವರು ಯಾರು ಎಂಬುದನ್ನು. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆದವರ ಮಟ್ಟಿಗೆ ಇದು ಅರ್ಥವಿಲ್ಲದ ಪ್ರಶ್ನೆ. ಕೊನೆಗೆ ತೇನ್‌ಸಿಂಗರೇ ತಮ್ಮ ಆತ್ಮಕಥೆಯಲ್ಲಿ, ಕೆಲವು ಹೆಜ್ಜೆ ಮುಂದೆ ಇದ್ದವರು ಹಿಲರಿ ಎಂದು ತಿಳಿಸಿ ಚರ್ಚೆಗೆ ತೆರೆ ಎಳೆದರು.

ಹೊತ್ತವರು

ತೇನ್‌ಸಿಂಗರಿಗೆ ಅಷ್ಟಾದರೂ ಸಿಕ್ಕಿತು. ಅವರಿಗಿಂತ ಹಿಂದಿನವರ ಕಥೆ ನೋಡಿ.

1922ರಲ್ಲಿ ಬ್ರಿಟಿಷರು ಎವರೆಸ್ಟನ್ನು ಏರಲು ಮೊದಲ ಬಾರಿಗೆ ಪ್ರಯತ್ನಿಸಿದರು. ಜೂನ್ 7ರಂದು, ಹೊಸ ಹಿಮ ಬಿದ್ದಿದ್ದರೂ ಜಾರ್ಜ್ ಮ್ಯಾಲರಿಯ ತಂಡ ನಾರ್ತ್ ಕೋಲ್‌ನ ಇಳಿಜಾರನ್ನು ಏರತೊಡಗಿತು. ಹಿಮ ಕುಸಿಯಿತು, ಏಳು ಮಂದಿ ಹೊರೆಯಾಳುಗಳು ಸತ್ತರು. ಎವರೆಸ್ಟಿನ ಮೇಲಿನ ಆರೋಹಣದಲ್ಲಿ ಮೊದಲು ಪ್ರಾಣ ಕೊಟ್ಟವರು ಇವರು. ಎರಡು ವರ್ಷಗಳ ನಂತರ ಶಾಮೊನಿಯ ಒಲಿಂಪಿಕ್ ಕೂಟದಲ್ಲಿ ಈ ಆರೋಹಣಕ್ಕೆ ಪದಕಗಳನ್ನು ಕೊಟ್ಟರು. ತಂಡದ ಪರವಾಗಿ ಸ್ವೀಕರಿಸಿದ ಎಡ್ವರ್ಡ್ ಸ್ಟ್ರಟ್, ಒಂದು ಪದಕವನ್ನು ಎವರೆಸ್ಟಿನ ತುದಿಗೆ ಒಯ್ಯುವುದಾಗಿ ಮಾತು ಕೊಟ್ಟರು. ಆ ಮಾತನ್ನು 2012ರಲ್ಲಿ ಕೆಂಟನ್ ಕೂಲ್ ಎಂಬ ಬ್ರಿಟಿಷ್ ಆರೋಹಿ ಪೂರೈಸಿದರು. 88 ವರ್ಷ ಒಂದು ಮಾತನ್ನು ಮರೆಯದೆ ಕಾಪಾಡಿಕೊಂಡ ಪರಂಪರೆ ದೊಡ್ಡದೇ. ಅದೇ ಪರಂಪರೆಗೆ ಆ ಏಳು ಮಂದಿಯ ಹೆಸರುಗಳನ್ನು ಮನೆಮಾತಾಗಿಸಲು ಆಗಲಿಲ್ಲ ಎಂಬುದನ್ನೂ ಗಮನಿಸಬೇಕು.

1934ರಲ್ಲಿ ನಂಗಾ ಪರ್ಬತದ ಮೇಲೆ ಜರ್ಮನ್ ತಂಡ ಬಿರುಗಾಳಿಗೆ ಸಿಕ್ಕಿತು. ನಾಯಕ ವಿಲ್ಲಿ ಮೆರ್ಕ್ಲ್ ನಡೆಯಲಾರದ ಸ್ಥಿತಿಯಲ್ಲಿದ್ದರು. ಜೊತೆಗಿದ್ದ ಇಬ್ಬರು ಶೆರ್ಪಾಗಳಲ್ಲಿ ಆಂಗ್ ತ್ಸೆರಿಂಗ್ ಸಹಾಯ ತರಲೆಂದು ಹಿಮದಲ್ಲಿ ಏಗುತ್ತ ಕೆಳಗಿನ ಶಿಬಿರ ಸೇರಿದರು. ಗಾಯ್‌ಲೇ ಎಂಬವರು ಇಳಿಯದೆ ನಾಯಕನ ಜೊತೆ ಉಳಿದರು. ಮೇಲಕ್ಕೆ ಸಹಾಯ ತಲುಪಲೇ ಇಲ್ಲ. ನಾಲ್ಕು ವರ್ಷಗಳ ನಂತರ, 1938ರಲ್ಲಿ, ಇಬ್ಬರ ದೇಹಗಳೂ ಒಂದೇ ಕಡೆ ಸಿಕ್ಕಿದವು. 1939ರಲ್ಲಿ ಕೆ2 ಶಿಖರದ ಮೇಲಿನ ಶಿಬಿರದಲ್ಲಿ ಡಡ್ಲಿ ವುಲ್ಫ್ ಎಂಬ ಅಮೆರಿಕನ್ ಒಂಟಿಯಾಗಿ ಉಳಿದಾಗ ಅವರನ್ನು ಕರೆತರಲೆಂದು ಮತ್ತೆ ಏರಿದವರು ಪಸಾಂಗ್ ಕಿಕುಲಿ, ಪಸಾಂಗ್ ಕಿತಾರ್ ಮತ್ತು ಪಿನ್ಸೂ. ಮೂವರಲ್ಲಿ ಒಬ್ಬರೂ ಮರಳಲಿಲ್ಲ. ಶಿಖರಕ್ಕಾಗಿ ಅಲ್ಲ, ಮತ್ತೊಬ್ಬ ಮನುಷ್ಯನಿಗಾಗಿ ಅವರು ಏರಿದ್ದರು. ಎತ್ತರದ ಪರ್ವತಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಯಾವುದಿದೆ ಎಂದು ಯೋಚಿಸಿದರೆ ನನಗೆ ಹೊಳೆಯುವುದಿಲ್ಲ.

ನಮ್ಮ ನಾಡಿನ ವೀರಗಲ್ಲುಗಳನ್ನು ಇಲ್ಲಿ ನೆನೆಯಬಹುದು. ಊರಿನ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನು ಯಾವ ಅರಸನೂ ಅಲ್ಲ, ಅದೇ ಊರಿನ ಒಬ್ಬ ಆಳು. ಆದರೂ ಊರವರು ಕಲ್ಲು ನಿಲ್ಲಿಸಿ, ಅವನ ಹೆಸರನ್ನೂ ಅವನು ಮಾಡಿದ್ದನ್ನೂ ಕೊರೆಸುತ್ತಿದ್ದರು. ಕೆ2ರ ಬುಡದಲ್ಲಿ ಅಂಥದ್ದೇ ಒಂದು ಜಾಗವಿದೆ. 1953ರಲ್ಲಿ ಅಲ್ಲಿ ತೀರಿಕೊಂಡ ಆರ್ಟ್ ಗಿಲ್ಕಿಗಾಗಿ ಗೆಳೆಯರು ಕಲ್ಲುಗಳನ್ನು ಪೇರಿಸಿ ಸ್ಮಾರಕ ಮಾಡಿದರು. ಆಮೇಲೆ ಅಲ್ಲಿ ಸತ್ತವರ ಹೆಸರುಗಳೂ ಒಂದೊಂದಾಗಿ ಸೇರಿದವು. ಕೆತ್ತಲು ಬೇರೇನೂ ಸಿಗದ ಕಡೆ ಊಟದ ತಟ್ಟೆಯನ್ನೇ ಫಲಕ ಮಾಡಿ, ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಹೆಸರು ಮೂಡಿಸಿದ್ದಾರೆ. ಎವರೆಸ್ಟ್ ಬೇಸ್ ಕ್ಯಾಂಪಿನ ಹಾದಿಯಲ್ಲಿ ತುಕ್ಲಾದ ಏರು ಮುಗಿಯುವಲ್ಲಿಯೂ ಇಂಥ ಕಲ್ಲುಗುಪ್ಪೆಗಳ ಸಾಲಿದೆ. ಅಲ್ಲಿ ವಿದೇಶಿ ಆರೋಹಿಗಳ ಪಕ್ಕದಲ್ಲಿಯೇ ಶೆರ್ಪಾಗಳ ಹೆಸರುಗಳೂ ಇವೆ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಐಸ್‌ಫಾಲ್ ಎಂಬ ಹಿಮನದಿಯ ದಾರಿಯಲ್ಲಿ ಹಿಮಗಡ್ಡೆ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಹಣ ಕೊಟ್ಟು ಏರಲು ಬಂದವರು ಆ ದಾರಿಯನ್ನು ಕೆಲವೇ ಸಲ ದಾಟುತ್ತಾರೆ. ಹಗ್ಗ, ಏಣಿ, ಸಿಲಿಂಡರ್, ಅಡುಗೆ ಸಾಮಾನು ಸಾಗಿಸುವವರು ಒಂದು ಋತುವಿನಲ್ಲಿ ಮತ್ತೆ ಮತ್ತೆ ದಾಟಬೇಕು. ಅಪಾಯ ಅವರ ಪಾಲಿಗೇ ಹೆಚ್ಚು. ಸತ್ತವರ ಅಂತ್ಯಕ್ರಿಯೆಗೆಂದು ಸರ್ಕಾರ ಮೊದಲು ಘೋಷಿಸಿದ್ದು ತಲಾ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿಗೆದ್ದರು, ಆ ವರ್ಷ ನೇಪಾಳದ ಬದಿಯಿಂದ ಎವರೆಸ್ಟ್ ಏರುವ ಕೆಲಸ ಬಹುಮಟ್ಟಿಗೆ ನಿಂತೇಹೋಯಿತು. ಸ್ಮರಣೆಯ ಮಾತಿಗೆ ಮೊದಲು ಕೂಲಿ ಮತ್ತು ವಿಮೆಯ ಮಾತು ಬರಬೇಕು ಎಂದು ಅವರು ಜಗತ್ತಿಗೆ ತಿಳಿಸಿದರು.

ಹಿಂದಿರುಗಿದವರು

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಸ್ವತಂತ್ರ ಭಾರತದ ಪರ್ವತಾರೋಹಣ 1951ರಲ್ಲಿ ಶುರುವಾಯಿತು ಎಂದು ಹೇಳುವ ರೂಢಿ. ಆ ವರ್ಷ ಡೂನ್ ಶಾಲೆಯ ಮೇಷ್ಟ್ರು ಗುರುದಯಾಳ್ ಸಿಂಗ್ ಗಢವಾಲದ 7,120 ಮೀಟರ್ ಎತ್ತರದ ತ್ರಿಶೂಲ ಶಿಖರವನ್ನು ಏರಿ, ತುದಿಯಲ್ಲಿ ಶೀರ್ಷಾಸನ ಹಾಕಿದರು. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ತೇನ್‌ಸಿಂಗರು ಅಲ್ಲಿ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾದರು. ಅವರು 1986ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಅದೇ ಆವರಣದಲ್ಲಿ.

ಎವರೆಸ್ಟಿಗೆ ಭಾರತದ ಮೊದಲ ತಂಡ ಹೋದದ್ದು 1960ರಲ್ಲಿ, ಬ್ರಿಗೇಡಿಯರ್ ಗ್ಯಾನ್ ಸಿಂಗ್ ನಾಯಕತ್ವದಲ್ಲಿ. ಸೋನಮ್ ಗ್ಯಾತ್ಸೊ, ನರಿಂದರ್ ಕುಮಾರ್, ನವಾಂಗ್ ಗೊಂಬು 28,300 ಅಡಿ ತಲುಪಿ, ಬಿರುಗಾಳಿಯ ಎದುರು ನಿಲ್ಲಲಾಗದೆ ಮರಳಿದರು. ಉಳಿದಿದ್ದದ್ದು 700 ಅಡಿ ಚಿಲ್ಲರೆ. 1962ರಲ್ಲಿ ಮೇಜರ್ ಜಾನ್ ಡಯಾಸ್ ನಾಯಕತ್ವದ ಎರಡನೆಯ ತಂಡ. ಈ ಸಲ ಸೋನಮ್ ಗ್ಯಾತ್ಸೊ, ಹರಿ ಡಾಂಗ್ ಮತ್ತು ಮೋಹನ್ ಸಿಂಗ್ ಕೊಹ್ಲಿ 28,600 ಅಡಿಯಿಂದ ಮರಳಿದರು. ಉಳಿದಿದ್ದದ್ದು 400 ಅಡಿ ಚಿಲ್ಲರೆ.

ಬಯಲಿನಲ್ಲಿ 400 ಅಡಿ ಎಂದರೆ ಎರಡು ನಿಮಿಷದ ನಡಿಗೆ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಒಂದು ಪಾಲು. ಮೆದುಳು ಮಂಕಾಗುತ್ತದೆ, ಸರಿಯಾದ ನಿರ್ಧಾರ ಅತಿ ಅಗತ್ಯವಾದ ಹೊತ್ತಿಗೇ ನಿರ್ಧರಿಸುವ ಶಕ್ತಿ ಕುಂದುತ್ತದೆ. ಶಿಖರ ಕಣ್ಣೆದುರಿಗಿದೆ, ದೇಶ ಕಾಯುತ್ತಿದೆ, ಇಷ್ಟು ದೂರ ಬಂದು ಬಿಡುವುದೇ ಎಂದು ಮನಸ್ಸು ಎಳೆಯುತ್ತದೆ. ಅಂಥ ಜಾಗದಲ್ಲಿ ನಿಂತು ‘ಸಾಕು, ಇಳಿಯೋಣ’ ಎನ್ನುವುದಕ್ಕೆ ಬೇಕಾದ ಧೈರ್ಯಕ್ಕೆ ನಾವು ಯಾವ ಪದಕವನ್ನೂ ಇಟ್ಟಿಲ್ಲ.

ಅವರು ಇಳಿದದ್ದರಿಂದ ಏನಾಯಿತು? 1962ರಲ್ಲಿ ಮರಳಿದ ಕೊಹ್ಲಿಯವರೇ 1965ರ ತಂಡದ ನಾಯಕರಾದರು. ಆ ತಂಡವೂ ಏಪ್ರಿಲ್ ಕೊನೆಗೆ ಒಮ್ಮೆ ಮೇಲೇರಿ, ಹವೆ ಕೆಟ್ಟಾಗ ಬೇಸ್ ಕ್ಯಾಂಪಿಗೆ ಇಳಿದು ಎರಡು ವಾರ ಕಾದಿತು. ಆಮೇಲೆ ಮೇ 20ರಂದು ಅವತಾರ್ ಸಿಂಗ್ ಚೀಮಾ ಮತ್ತು ನವಾಂಗ್ ಗೊಂಬು, 22ರಂದು ಸೋನಮ್ ಗ್ಯಾತ್ಸೊ ಮತ್ತು ಸೋನಮ್ ವಾಂಗ್ಯಾಲ್, 24ರಂದು ಸಿ.ಪಿ. ವೋಹ್ರಾ ಮತ್ತು ಆಂಗ್ ಕಾಮಿ, 29ರಂದು ಎಚ್.ಪಿ.ಎಸ್. ಅಹ್ಲುವಾಲಿಯಾ, ಎಚ್.ಸಿ.ಎಸ್. ರಾವತ್ ಮತ್ತು ಫೂ ದೋರ್ಜಿ, ಹೀಗೆ ಒಂಬತ್ತು ಮಂದಿ ಎವರೆಸ್ಟ್ ಏರಿದರು. ಒಂದೇ ತಂಡದ ಒಂಬತ್ತು ಜನ ಏರಿದ ಆ ದಾಖಲೆ 17 ವರ್ಷ ಉಳಿಯಿತು. ಈ ಪಟ್ಟಿಯಲ್ಲಿರುವ ಸೋನಮ್ ಗ್ಯಾತ್ಸೊ 1960ರಲ್ಲೂ 1962ರಲ್ಲೂ ತುದಿಯ ಸಮೀಪದಿಂದ ಮರಳಿದ್ದವರು. 42ನೇ ವಯಸ್ಸಿನಲ್ಲಿ, ತಂಡದಲ್ಲಿ ಶಿಖರ ಏರಿದವರಲ್ಲೇ ಹಿರಿಯರಾಗಿ, ಅವರು ಏರಿದರು. 1960ರಲ್ಲಿ ಅವರ ಜೊತೆ ಮರಳಿದ್ದ ಗೊಂಬು, 1963ರಲ್ಲಿ ಅಮೆರಿಕನ್ ತಂಡದೊಂದಿಗೆ ಏರಿದ್ದರು. 1965ರಲ್ಲಿ ಮತ್ತೆ ಏರಿ, ಎರಡು ಸಲ ಎವರೆಸ್ಟ್ ಏರಿದ ಮೊದಲಿಗರಾದರು. ಬದುಕಿ ಇಳಿದವರಿಗೆ ಮಾತ್ರ ಮತ್ತೊಂದು ಅವಕಾಶ.

ಹಿಂದಿರುಗುವುದರಲ್ಲಿ ಇನ್ನೊಂದು ಬಗೆಯೂ ಇದೆ. 1955ರಲ್ಲಿ ಜಗತ್ತಿನ ಮೂರನೆಯ ಅತಿ ಎತ್ತರದ ಶಿಖರ ಕಾಂಚನಜುಂಗಾವನ್ನು ಮೊದಲು ಏರಿದ ತಂಡದ ನಾಯಕ ಬೇರೆ ಯಾರೂ ಅಲ್ಲ, 1953ರಲ್ಲಿ ದಕ್ಷಿಣ ಶಿಖರದಿಂದ ಮರಳಿದ ಅದೇ ಚಾರ್ಲ್ಸ್ ಇವಾನ್ಸ್. ಸಿಕ್ಕಿಮಿನ ಜನರಿಗೆ ಆ ಪರ್ವತ ಪವಿತ್ರ. ತುದಿಯನ್ನು ತುಳಿಯುವುದಿಲ್ಲ ಎಂದು ಇವಾನ್ಸ್ ಸಿಕ್ಕಿಮಿನ ಅರಸರಿಗೆ ಮಾತು ಕೊಟ್ಟಿದ್ದರು. ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ತುದಿಗೆ ಕೆಲವೇ ಅಡಿ ಕೆಳಗೆ ನಿಂತುಬಿಟ್ಟರು. ಮರುದಿನ ಏರಿದ ಇಬ್ಬರೂ ಹಾಗೆಯೇ ಮಾಡಿದರು. ಯಾರೂ ನೋಡದ ಜಾಗದಲ್ಲಿ ಮಾತು ಉಳಿಸಿಕೊಳ್ಳುವುದೂ ಸಾಧನೆಯೇ.

ಸಮಯಕ್ಕೆ ಹಿಂದಿರುಗುವುದು ನಮಗೆ ದೂರದ ಪಾಠ ಎಂದುಕೊಳ್ಳಬೇಡಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣ ತಂಡ ಕೆಟ್ಟ ಹವೆಗೆ ಸಿಕ್ಕಿ, ಒಂಬತ್ತು ಮಂದಿ ತೀರಿಕೊಂಡರು. ಆ ಮನೆಗಳ ನೋವಿನ ಮುಂದೆ ತಪ್ಪು ಒಪ್ಪುಗಳ ವಿಚಾರಣೆ ನನ್ನ ಕೆಲಸವಲ್ಲ. ಆದರೆ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಮಂಗಳೂರಿನಿಂದ ವರ್ಷವರ್ಷವೂ ಹಿಮಾಲಯಕ್ಕೆ ಹೊರಡುವ ನಮ್ಮ ಮಕ್ಕಳಿಗೆ ‘ಗುರಿ ಮುಟ್ಟದೆ ಬಿಡಬೇಡ’ ಎಂಬ ಮಾತನ್ನಷ್ಟೇ ಕಲಿಸಿ ಕಳಿಸಬಾರದು ಎಂದು ಹೇಳುವ ಹೊಣೆ ನಮ್ಮೆಲ್ಲರ ಮೇಲಿದೆ.

ಬರೆದಿಟ್ಟವರು

ಪರ್ವತದ ಮೇಲೆ ಅಂಪೈರ್ ಇಲ್ಲ, ಪ್ರೇಕ್ಷಕರಿಲ್ಲ. ಏರಿದವನ ಮಾತೇ ಸಾಕ್ಷಿ. ಆ ಮಾತು ಸುಳ್ಳಾದರೆ ಸ್ಮರಣೆಯೂ ಸುಳ್ಳು.

1954ರಲ್ಲಿ ಇಟಲಿಯ ತಂಡ ಕೆ2 ಏರಿತು. ತುದಿ ಮುಟ್ಟಿದ ಇಬ್ಬರಿಗೆ ಆಮ್ಲಜನಕ ಒಯ್ದವರು ವಾಲ್ಟರ್ ಬೊನಾಟ್ಟಿ ಎಂಬ ತರುಣ ಮತ್ತು ಹುಂಜಾದ ಹೊರೆಯಾಳು ಅಮೀರ್ ಮಹ್ದಿ. ಹೇಳಿದ ಜಾಗದಲ್ಲಿ ಟೆಂಟ್ ಇರಲಿಲ್ಲ, ಅದನ್ನು ಇನ್ನೂ ಮೇಲೆ ಹಾಕಿದ್ದರು. ಕತ್ತಲಾಯಿತು. ಸುಮಾರು 8,100 ಮೀಟರ್ ಎತ್ತರದಲ್ಲಿ, ಟೆಂಟಾಗಲಿ ಮಲಗುವ ಚೀಲವಾಗಲಿ ಇಲ್ಲದೆ, ಹಿಮದಲ್ಲಿ ಕೊರೆದ ಚಿಕ್ಕ ಅಟ್ಟಣೆಯ ಮೇಲೆ ಇಬ್ಬರೂ ರಾತ್ರಿ ಕಳೆದರು. ಬೆಳಕಾದಾಗ ಸಿಲಿಂಡರುಗಳನ್ನು ಅಲ್ಲೇ ಬಿಟ್ಟು ಇಳಿದರು. ಅದೇ ದಿನ ಉಳಿದಿಬ್ಬರು ಆ ಸಿಲಿಂಡರುಗಳನ್ನು ಹೊತ್ತು ಶಿಖರ ಮುಟ್ಟಿದರು. ಮಹ್ದಿಯವರ ಕಾಲ್ಬೆರಳುಗಳನ್ನು ಕತ್ತರಿಸಬೇಕಾಯಿತು. ಅಧಿಕೃತ ಕಥನದಲ್ಲಿ ಈ ರಾತ್ರಿಗೆ ಸಿಗಬೇಕಾದ ನ್ಯಾಯ ಸಿಗಲಿಲ್ಲ. ಬೊನಾಟ್ಟಿ ಬದುಕಿನುದ್ದಕ್ಕೂ ಹೋರಾಡಿದರು. ಅರ್ಧ ಶತಮಾನ ಕಳೆದ ಮೇಲೆ ಇಟಲಿಯ ಆಲ್ಪೈನ್ ಕ್ಲಬ್ ಅವರ ಮಾತನ್ನು ಒಪ್ಪಿತು. ಅಷ್ಟರಲ್ಲಿ ಮಹ್ದಿ ತೀರಿಕೊಂಡಿದ್ದರು.

ಇಂಥ ಕಡೆ ಎಲಿಜಬೆತ್ ಹಾಲಿಯಂಥವರ ಬೆಲೆ ತಿಳಿಯುತ್ತದೆ. ಈ ಅಮೆರಿಕನ್ ಪತ್ರಕರ್ತೆ 1960ರಲ್ಲಿ ಕಠ್ಮಂಡುವಿಗೆ ಬಂದು ಅಲ್ಲಿಯೇ ನೆಲೆಸಿದರು, 2018ರಲ್ಲಿ ಅಲ್ಲಿಯೇ ತೀರಿಕೊಂಡರು. ಒಂದು ಶಿಖರವನ್ನೂ ಏರಿದವರಲ್ಲ. ಆದರೆ ಆರೋಹಿಗಳು ಊರಿಗೆ ಬಂದರೆಂದು ತಿಳಿದರೆ ತಮ್ಮ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಅವರ ಹೋಟೆಲಿಗೆ ಹೋಗಿ, ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿದ್ದಿರಿ, ಮೇಲಿನಿಂದ ಏನು ಕಾಣಿಸಿತು ಎಂದು ಪಟ್ಟು ಹಿಡಿದು ಕೇಳುತ್ತಿದ್ದರು. ಅವರ ಕಡತಗಳೇ ಮುಂದೆ ಹಿಮಾಲಯನ್ ಡೇಟಾಬೇಸ್ ಆದವು. ಏರಿದವರ ಜೊತೆಗೆ ಏರದೆ ಮರಳಿದವರ ವಿವರವೂ ಅದರಲ್ಲಿದೆ.

ನಮ್ಮಲ್ಲಿಯೂ ಇಂಥ ಎಚ್ಚರ ಬೇಕು. 2016ರಲ್ಲಿ ಭಾರತದ ಕೆಲವರು ತಿದ್ದಿದ ಫೋಟೊ ತೋರಿಸಿ ಎವರೆಸ್ಟ್ ಏರಿದೆವೆಂದು ಹೇಳಿಕೊಂಡರು. ಅವರ ಪೈಕಿ ಒಬ್ಬರ ಹೆಸರು 2020ರಲ್ಲಿ ತೇನ್‌ಸಿಂಗ್ ನೋರ್ಗೆ ರಾಷ್ಟ್ರೀಯ ಸಾಹಸ ಪ್ರಶಸ್ತಿಯ ಪಟ್ಟಿಯವರೆಗೂ ಬಂದಿತ್ತು. ದೂರು ಬಂದ ಮೇಲೆ ಪ್ರಶಸ್ತಿಯನ್ನು ತಡೆಹಿಡಿದರು. ತುದಿಗೆ ಮಾತ್ರ ಬೆಲೆ ಕಟ್ಟುವ ಸಮಾಜದಲ್ಲಿ ತುದಿಯ ನಕಲು ಹುಟ್ಟುವುದು ಸಹಜ.

ಸ್ಮರಣೆ ಹೇಗಿರಬೇಕು

ಕಾಲ ಬದಲಾಗುತ್ತಿರುವ ಸೂಚನೆಗಳೂ ಇವೆ. 2019ರಲ್ಲಿ ಫ್ರಾನ್ಸ್, ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಕೇಳಿಕೊಂಡ ಮೇರೆಗೆ ಯುನೆಸ್ಕೊ ಪರ್ವತಾರೋಹಣವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಯಾವ ಶಿಖರವೂ ಅಲ್ಲ. ಪರ್ವತದ ಪರಿಸರ ಅರಿಯುವ ಜ್ಞಾನ, ಅಪಾಯ ತೂಗಿ ನೋಡುವ ವಿವೇಕ, ಒಂದೇ ಹಗ್ಗದಲ್ಲಿ ನಡೆಯುವವರ ಪರಸ್ಪರ ಹೊಣೆ, ಏರಿದ ಕಡೆ ಗುರುತು ಬಿಡದೆ ಬರುವ ನೀತಿ, ಇವು ಸೇರಿದವು. 2021ರ ಜನವರಿ 16ರಂದು ಹತ್ತು ಮಂದಿ ನೇಪಾಳಿಗಳು ಕೆ2 ಶಿಖರವನ್ನು ಚಳಿಗಾಲದಲ್ಲಿ ಮೊದಲ ಬಾರಿಗೆ ಏರಿದರು. ತುದಿಗೆ ಸ್ವಲ್ಪ ಕೆಳಗೆ ನಿಂತು, ಹಿಂದಿನವರು ಬರುವವರೆಗೆ ಕಾದು, ರಾಷ್ಟ್ರಗೀತೆ ಹಾಡುತ್ತ ಹತ್ತೂ ಜನ ಒಟ್ಟಿಗೆ ಕಾಲಿಟ್ಟರು. ಮೊದಲು ಯಾರು ಎಂಬ 1953ರ ಪ್ರಶ್ನೆಗೆ ಜಾಗವೇ ಇಲ್ಲದಂತೆ ಮಾಡಿದರು.

ಈ ದತ್ತಿಯನ್ನು ನಡೆಸುವವರ ಮುಂದೆ ಮೂರು ಸಲಹೆಗಳನ್ನಿಟ್ಟು ಮುಗಿಸುತ್ತೇನೆ.

ಮೊದಲನೆಯದು, ಇಲ್ಲಿ ಆರೋಹಿಯೊಬ್ಬರನ್ನು ಸನ್ಮಾನಿಸುವಾಗ ಅವರ ಜೊತೆ ಏರಿದ ಶೆರ್ಪಾ, ಹೊರೆ ಹೊತ್ತವರು, ಅಡುಗೆ ಮಾಡಿದವರು, ಎಲ್ಲರ ಹೆಸರನ್ನೂ ವೇದಿಕೆಯಿಂದ ಓದಿ, ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿ. ಹೆಸರು ಗೊತ್ತಿಲ್ಲ ಎಂದು ಸನ್ಮಾನಿತರು ಹೇಳಿದರೆ, ತಿಳಿದುಕೊಂಡು ಬನ್ನಿ ಎಂದು ವಿನಯದಿಂದಲೇ ಕೇಳಿ. ಕರ್ನಾಟಕದಿಂದ ಚಾರಣಕ್ಕೆ ಹೊರಡುವ ಪ್ರತಿಯೊಬ್ಬರೂ ಕಟ್ಟುವ ಹಣದಲ್ಲಿ ಹೊರೆಯಾಳುಗಳ ವಿಮೆ, ಬೂಟು, ಬೆಚ್ಚನೆಯ ಬಟ್ಟೆಗೆ ಎಷ್ಟು ಹೋಗುತ್ತದೆಂದು ಕೇಳುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಎರಡನೆಯದು, ವರ್ಷಕ್ಕೊಮ್ಮೆ ಹಿಂದಿರುಗಿ ಬಂದ ಒಬ್ಬರನ್ನು ಮಾತಿಗೆ ಕರೆಯಿರಿ. ಯಾವ ಎತ್ತರದಲ್ಲಿ, ಯಾವ ಹೊತ್ತಿಗೆ, ಏನನ್ನು ಕಂಡು ಇಳಿಯಲು ತೀರ್ಮಾನಿಸಿದರು ಎಂಬುದನ್ನು ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ಪಡೆಯುವ ಮಕ್ಕಳು, ರಾಮನಗರದ ಬಂಡೆಗಳ ಮೇಲೆ ಹಗ್ಗ ಹಿಡಿಯಲು ಕಲಿಯುವ ಹುಡುಗ ಹುಡುಗಿಯರು ಅವರ ಬಾಯಿಂದಲೇ ಕೇಳಲಿ. ಏರಿದವರ ಭಾಷಣಕ್ಕಿಂತ ಅದು ಹೆಚ್ಚು ಜೀವ ಉಳಿಸೀತು.

ಮೂರನೆಯದು, ಕನ್ನಡ ಆರೋಹಿಗಳ, ಚಾರಣಿಗರ ದಿನಚರಿ, ನಕ್ಷೆ, ಫೋಟೊ, ಪತ್ರಗಳನ್ನು ಒಂದೆಡೆ ಸೇರಿಸಿಡಿ. ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಅವು ಗೆದ್ದಲಿಗೆ ಕಾದು ಕೂತಿರುತ್ತವೆ. ಏರಿದ್ದಾಗಲಿ, ಏರದೆ ಬಂದದ್ದಾಗಲಿ, ನಡೆದದ್ದನ್ನು ನಡೆದಂತೆ ಕನ್ನಡದಲ್ಲಿ ಬರೆಸಿ. ಅಂಥ ಸಂಗ್ರಹವೊಂದಿದ್ದರೆ ನಾಳೆ ಹೊರಡುವವರು ಹೊರಡುವ ಮೊದಲು ಅಲ್ಲಿ ಕೂತು ಓದಬಹುದು, ಹಿಂದಿನವರು ಎಲ್ಲಿ ಎಡವಿದರು, ಎಲ್ಲಿ ಉಳಿದರು ಎಂದು ತಮ್ಮ ಭಾಷೆಯಲ್ಲೇ ತಿಳಿಯಬಹುದು.

ಇವಕ್ಕೆ ದೊಡ್ಡ ಖರ್ಚಿಲ್ಲ. ಬೇಕಾದದ್ದು ಒಂದು ರಿಜಿಸ್ಟರ್, ಒಂದು ಕಪಾಟು, ತಾಳ್ಮೆಯಿರುವ ಇಬ್ಬರು ಮೂವರು. ಮುಂದಿನ ವರ್ಷದ ಉಪನ್ಯಾಸಕರು ಈ ವೇದಿಕೆಗೆ ಬರುವ ಹೊತ್ತಿಗೆ ಆ ರಿಜಿಸ್ಟರಿನ ಮೊದಲ ಪುಟ ತುಂಬಿರಲಿ ಎಂದು ಕೋರುತ್ತೇನೆ.